ಬದುಕಿರುವ ಹುತಾತ್ಮ

ಮುಂಡರಗಿಯ ಸಭೆಯಲ್ಲಿ ಭೀಮೇಶನನ್ನು ಸಾಯಿಸಿದಾಗ ಅವನು ಬೆಟಗೇರಿಯ ತನ್ನ ಖೋಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು ಚಾ ಕುಡಿಯುತ್ತಿದ್ದ.

ಸಾಯಿಸಿದವರು ಮಾಜಿಯವರು. ಕೇರಿಯಲ್ಲಿ ದೊಡ್ಡವರ ಹೆಸರು ಹಿಡಿದು ಮಾತಾಡುವುದಿಲ್ಲ. ಗೆದ್ದು ಕುರ್ಚಿಯ ಮೇಲೆ ಕೂತವರು ಹಾಲಿಯವರು, ಸೋತು ವೇದಿಕೆಯ ಮೇಲೆ ನಿಂತವರು ಮಾಜಿಯವರು. ಚುನಾವಣೆ ಬಂದಾಗ ಇವರು ಅವರಾಗುತ್ತಾರೆ, ಅವರು ಇವರಾಗುತ್ತಾರೆ. ಕೇರಿ ಮಾತ್ರ ಕೇರಿಯಾಗಿಯೇ ಉಳಿಯುತ್ತದೆ.

"ಭೀಮೇಶ ನನ್ನ ಒಡಹುಟ್ಟಿದ ತಮ್ಮ! ಅವನ್ನ ಈ ಮಂದಿ ಮಲದ ಗುಂಡಿಗೆ ನೂಕಿ ಕೊಂದಾರ! ಇದು ನರಮೇಧ! ಅವನ ರಕ್ತದ ಒಂದೊಂದ ಹನಿಗೂ ನಾ ಜವಾಬು ಕೇಳ್ತೇನಿ!" ಎಂದು ಮಾಜಿಯವರು ಮೈಕು ಹಿಡಿದು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ತಟ್ಟಿದವರಲ್ಲಿ ಭೀಮೇಶನ ತಂಗಿಯ ಗಂಡನೂ ಒಬ್ಬ. ಊಟ ಕೊಡುತ್ತಾರೆಂದು ಕೊರ್ಲಹಳ್ಳಿಯಿಂದ ಟೆಂಪೋ ಹತ್ತಿ ಬಂದವನು. ತಟ್ಟಿ ಮುಗಿದ ಮೇಲೆ ಅವನಿಗೆ ಹೊಳೆಯಿತು, ಅರೇ, ಸತ್ತವನು ನಮ್ಮ ಭಾವ!

ಮರುದಿನ ಬೆಳಗ್ಗೆ ತಂಗಿ ನಾಗರತ್ನಾ ಬೆಟಗೇರಿಯಲ್ಲಿ ಬಸ್ಸಿಳಿದವಳೇ ಎದೆ ಬಡಿದುಕೊಳ್ಳುತ್ತ ನಡೆದಳು. "ಯಣ್ಣಾ, ನನ್ನ ಹುಲಿಯಂಥಾ ಅಣ್ಣಾ, ತವರಮನಿ ಬಾಗಲಾ ಮುಚ್ಚಿ ಹೋದ್ಯೋ!" ಓಣಿಯ ಮಂದಿ ಹಿಂದೆ ಬಿದ್ದರು. ಭೀಮೇಶ ಹುಲಿಯಂತೆ ಎಂದೂ ಇರಲಿಲ್ಲ. ಕಟ್ಟಿಗೆಯ ಹಾಗೆ ಒಣಗಿದ ಆಳು, ಜೋರಾಗಿ ಮಾತಾಡಿದವನೂ ಅಲ್ಲ. ಆದರೆ ಅಳುವ ತಂಗಿ ಹುಲಿ ಎಂದರೆ ಅದು ಸುಳ್ಳಲ್ಲ. ಅವಳು ಕಣ್ಣೀರು ಹಾಕಿ ಆಡಿದ ಮಾತು ಅದು. ಮಾಜಿಯವರ ಕಣ್ಣಲ್ಲಿ ನೀರಿತ್ತೇ ಎಂದು ಅವಳ ಗಂಡನನ್ನು ಕೇಳಿ ನೋಡಿ.

ಬಾಗಿಲಲ್ಲಿ ಕಂಡವನು ಸಾಕ್ಷಾತ್ ಅಣ್ಣ. "ಯಾಕವ್ವಾ, ಖಬರಿಲ್ಲದ ಬಂದ್ಯಲ್ಲ?" ಅಂದ. ನಾಗರತ್ನಾ ಅವನ ಭುಜಕ್ಕೆ ನಾಲ್ಕು ಏಟು ಹಾಕಿದಳು, ಅತ್ತಳು, ನಕ್ಕಳು.

"ಸತ್ತ ಸುದ್ದಿ ಸುಳ್ಳಾದ್ರ ಆಯುಷ್ಯ ಹೆಚ್ಚಾಕ್ಕೈತಿ. ಆದ್ರ ಮಂದಿ ಕಣ್ಣ ಬಿದ್ದೈತಿ, ತಡಿ, ದೃಷ್ಟಿ ತಗೀತೀನಿ" ಎಂದು ಉಪ್ಪು, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅಣ್ಣನ ಸುತ್ತ ಇಳಿ ತೆಗೆದು ಉರಿಯುವ ಒಲೆಗೆ ಹಾಕಿದಳು. ಪ್ರೀತಿಯಿಂದಲೇ ಹಾಕಿದಳು. ಒಂದೇ ಖೋಲಿ, ಕಿಟಕಿಯಿಲ್ಲ. ಘಾಟು ಎದ್ದಿತು.

ಭೀಮೇಶನ ಹೆಂಡತಿ ಹನಮಂತವ್ವ ನಳದ ಹತ್ತಿರ ಕೊಡ ತುಂಬುತ್ತಿದ್ದಳು. ಒಳಗಿನಿಂದ ಬಂದ ಕೆಮ್ಮು ಕೇಳಿ ಕೊಡ ಅಲ್ಲೇ ಬಿಟ್ಟು ಓಡಿದಳು. ಗಂಡ ನೆಲಕ್ಕೆ ಅಂಗೈ ಊರಿ ದನದ ಹಾಗೆ ನಾಲ್ಕು ಕಾಲಿನ ಮೇಲಿದ್ದ. ಉಸಿರು ಒಳಗೆ ಹೋಗುತ್ತಿರಲಿಲ್ಲ. ಕಣ್ಣು ಹೊರಬಂದಿದ್ದವು. ಅವಳು ಅವನ ಕಂಕುಳಿಗೆ ಕೈ ಹಾಕಿ ದರದರ ಎಳೆದು ಹೊರಗೆ ಹಾಕಿದಳು. "ನಿನ್ನ ದೃಷ್ಟಿಗಿಷ್ಟ ಬೆಂಕಿ ಹಾಕ!" ಎಂದು ನಾದಿನಿಗೆ ಬೈದಳು. ನಾಗರತ್ನಾ ಸೆರಗು ಬಾಯಿಗಿಟ್ಟು ನಿಂತುಬಿಟ್ಟಳು.

ಅಳು ಕೇಳಿ ಬಂದ ಮಂದಿಯಲ್ಲಿ ಸೋಮೇಶನೂ ಇದ್ದ. ಮೊಬೈಲಿನಲ್ಲಿ ಸುದ್ದಿ ಚಾನೆಲ್ ನಡೆಸುವ ಹುಡುಗ. ಅವನು ಎಲ್ಲವನ್ನೂ ವಿಡಿಯೋದಲ್ಲಿ ಹಿಡಿದುಕೊಂಡಿದ್ದ. ಮಧ್ಯಾಹ್ನದ ಹೊತ್ತಿಗೆ ಗದಗದಿಂದ ಲಕ್ಷ್ಮೇಶ್ವರದವರೆಗೆ ಎಲ್ಲರ ಕೈಯಲ್ಲೂ ಅದೇ: 'ಹುತಾತ್ಮ ಭೀಮೇಶನ ಕೊನೆಯುಸಿರು'.

ಕೆಮ್ಮು ಮಾತ್ರ ಖರೆ ಇತ್ತು. ಅದು ಬಂದದ್ದು ಎಲ್ಲಿಂದ ಎಂದು ಹೇಳಲೇಬೇಕು.

ಹಾಲಿಯವರ ಅಳಿಯನದೊಂದು ಮಂಗಲ ಕಾರ್ಯಾಲಯವಿದೆ. ಮದುವೆ ಮುಗಿದಂತೆಲ್ಲ ಅದರ ಹಿಂದಿನ ಶೌಚದ ಗುಂಡಿ ತುಂಬುತ್ತದೆ. ಬಳಿಯುವ ಗುತ್ತಿಗೆ ಹೇಮಪ್ಪನದು. ಹೇಮಪ್ಪನ ಬಳಿ ಹೀರುವ ಗಾಡಿ ಇದೆ, ಅದನ್ನು ದಾದಾಪೀರ ಓಡಿಸುತ್ತಾನೆ. ಗಾಡಿ ಇದ್ದ ಮೇಲೆ ಮನುಷ್ಯ ಯಾಕೆ ಇಳಿಯಬೇಕು? ಇಳಿಯಬೇಕು. ಉಂಡವರು ಗುಂಡಿಗೆ ಪ್ಲಾಸ್ಟಿಕ್ ಲೋಟ, ಬಾಟಲಿ, ಹೂವಿನ ಹಾರ, ಏನೇನೋ ಬಿಟ್ಟಿರುತ್ತಾರೆ. ಪೈಪಿನ ಬಾಯಿಗೆ ಅದು ಸಿಕ್ಕಿಕೊಳ್ಳುತ್ತದೆ. ಆಗ ಭೀಮೇಶ ಅಂಗಿ ಕಳಚುತ್ತಾನೆ. ಎದೆಮಟ ಹೇಲಿನಲ್ಲಿ ನಿಂತು ಕಾಲಿನಿಂದ ತಡವಿ, ಮುಳುಗಿ, ಕೈಯಿಂದ ಕೀಳುತ್ತಾನೆ. ಹನಮಂತವ್ವ ಮೇಲೆ ನಿಂತು ಬಕೆಟ್ ಎಳೆಯುತ್ತಾಳೆ. ಬಕೆಟ್ಟಿನಿಂದ ಚೆಲ್ಲಿದ್ದು ಅವಳ ಮೊಣಕೈವರೆಗೆ ಇಳಿಯುತ್ತದೆ. ಆ ಕೈಯಿಂದಲೇ ಮನೆಗೆ ಹೋಗಿ ಸಾಬೂನು ಹಚ್ಚಿ ತಿಕ್ಕಿ, ರೊಟ್ಟಿ ಬಡಿಯುತ್ತಾಳೆ. ವಾಸನೆ ಉಗುರಿನೊಳಗೆ ಉಳಿಯುತ್ತದೆ. ರೊಟ್ಟಿ ತಿನ್ನದಿದ್ದರೆ ನಡೆಯುತ್ತದೆಯೇ?

ಮುಂಡರಗಿಯ ಸಭೆಗೆ ಕೆಲವು ತಿಂಗಳ ಮೊದಲು ಒಂದು ದಿನ ಅವನು ಹೀಗೇ ಇಳಿದ, "ಇದೇನೋ ಬ್ಯಾರೆ ನಾತ" ಅಂದ, ಮತ್ತೆ ಮಾತಿಲ್ಲ. ಅವಳು ಕೂಗಿದಳು. ಉತ್ತರವಿಲ್ಲ. ದಾದಾಪೀರ ಕೊಂಡಿ ಹಾಕಿ ಅವನ ಚಡ್ಡಿಗೆ ಸಿಕ್ಕಿಸಿ ಎಳೆದ. ನೆಲದ ಮೇಲೆ ಮಲಗಿಸಿದಾಗ ಮೂಗು ಬಾಯಿ ತುಂಬಿದ್ದವು. ಹನಮಂತವ್ವ ಬೆರಳು ಹಾಕಿ ಬಗೆದು ತೆಗೆದಳು. ದೊಡ್ಡ ದವಾಖಾನೆಯಲ್ಲಿ ಬಹಳ ದಿನ ಮಲಗಿದ ಮೇಲೆ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದು ಹೇಳಿದಳು: "ಇವ್ರ ಶ್ವಾಸಕೋಶ ಸುಟ್ಟಂಗಾಗೈತವ್ವಾ. ಇನ್ನೊಂದ ಸರ್ತಿ ಆ ಗಾಳಿ ತಗೊಂಡ್ರ ನನ್ನ ಕೈಲಿ ಏನೂ ಆಗೂದಿಲ್ಲ."

ಇಷ್ಟೇ ಸತ್ಯ. ಸತ್ತಿಲ್ಲ. ಆರಾಮೂ ಇಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ನಿದ್ದೆ ಮಾಡುತ್ತಾನೆ. ಮತ್ತೆ ಇಳಿದರೆ ಮೇಲೆ ಬರುವುದಿಲ್ಲ.

ಹನಮಂತವ್ವ ಇದನ್ನು ಹೇಮಪ್ಪನಿಗೆ ಹೇಳಿದಳು. ಹೇಮಪ್ಪ ಎಲೆ ಅಡಿಕೆ ಅಗಿಯುತ್ತ, "ಇಳಿದಿದ್ದಾ? ಯಾರ ಇಳಿದಿದ್ರ? ಗುಂಡ್ಯಾಗ ಮನಷ್ಯಾರನ್ನ ಇಳಸಬಾರದಂತ ಕಾಯ್ದೆ ಐತಿ. ಅಂವ ಕಾಲ ಜಾರಿ ಬಿದ್ದಾನ. ಹಂಗ ಹೇಳ" ಅಂದ. ಅವಳು ಏನೋ ಹೇಳಹೋದಳು. "ಖೋಲಿ ಯಾರದು ಹನಮವ್ವಾ?" ಎಂದ. ಖೋಲಿ ಅವನದು.

ಆ ಕೊನೆಯುಸಿರಿನ ವಿಡಿಯೋ ಹಬ್ಬಿದ ಮೇಲೆ ಹಾಲಿಯವರ ಹುಡುಗರು ಜೀಪು ತಂದರು. ಭೀಮೇಶನಿಗೆ ಹೊಸ ಅಂಗಿ ತೊಡಿಸಿದರು. ಅವಸರದಲ್ಲಿ ಅಂಗಿಯ ಗುಂಡಿಗಳು ಒಂದು ಮೇಲೆ ಒಂದು ಕೆಳಗೆ ಆದವು. ಶಿರಹಟ್ಟಿಯ ಸಭೆಯಲ್ಲಿ ವೇದಿಕೆಗೆ ಹತ್ತಿಸಿದರು. ಹಾಲಿಯವರು ಅವನ ಕೈ ಹಿಡಿದು ಮೇಲೆತ್ತಿದರು.

"ನೋಡ್ರಿ! ಸತ್ತಾನಂತ! ಕಲ್ಲಗುಂಡ ನಿಂತಂಗ ನಿಂತಾನ! ಉಕ್ಕಿನ ಮನಷ್ಯಾ! ನನ್ನ ಆಡಳಿತದಾಗ ಸತ್ತವರೂ ಎದ್ದ ಬರ್ತಾರ!"

ಕೈ ಎತ್ತಿದ್ದಕ್ಕೆ ಭೀಮೇಶನಿಗೆ ಉಸಿರು ಹಿಡಿಯಿತು. ಕೆಮ್ಮು ಬಂತು. ಹಾಲಿಯವರು ಕಣ್ಸನ್ನೆ ಮಾಡಿದರು, ಕೆಳಗಿದ್ದವರು ಹಲಗೆ ಬಡಿದರು. ಭೀಮೇಶ ಕೆಮ್ಮಿದ್ದು ಯಾರಿಗೂ ಕೇಳಲಿಲ್ಲ. ಹಲಗೆ ಬಡಿದವರು ಅವನ ಕೇರಿಯವರೇ.

ಮಾಜಿಯವರು ಸುಮ್ಮನಿರುವರೇ? ಲಕ್ಷ್ಮೇಶ್ವರದಲ್ಲಿ ತಿರುಗಿ ಬಾರಿಸಿದರು. "ಅದು ಭೀಮೇಶ ಅಲ್ಲ, ಭೀಮೇಶನ ಹೆಣ! ಹೆಣಕ್ಕ ಅಂಗಿ ತೊಡಿಸಿ ಮೆರಸ್ಯಾರ ಈ ರಾಕ್ಷಸರು! ನನ್ನ ತಮ್ಮ ಬದುಕಿರೂ ಹುತಾತ್ಮ!" ಅಲ್ಲಿಯೂ ಚಪ್ಪಾಳೆ. ಅದೇ ಟೆಂಪೋ, ಅದೇ ಮಂದಿ, ಊಟ ಮಾತ್ರ ಬೇರೆ.

ಕೇರಿಯಲ್ಲಿ ನಗೆಯಾಟವಾಯಿತು. ನಳದ ಬಳಿ ಹನಮಂತವ್ವ ನಿಂತರೆ "ಏ ಸರೀರಿ, ಹುತಾತ್ಮರ ಪಾಳಿ ಐತಿ" ಅನ್ನುವರು. ಮೊದಮೊದಲು ಅವಳೂ ನಕ್ಕಳು. ಆಮೇಲೆ ಭೀಮೇಶ ಹೊರಗೆ ಕೂರುವುದನ್ನೇ ಬಿಟ್ಟ. ಕೋಣ ಕೋಣ ಕಾದಾಡಿ ಗಿಡಕ್ಕೆ ಕುತ್ತು ಅನ್ನುತ್ತಾರೆ. ಇಲ್ಲಿ ಕೋಣಗಳು ಕಾದಾಡಲೂ ಇಲ್ಲ. ಗಿಡ ತುಳಿದವು ಅಷ್ಟೇ.

ಸೋಮೇಶ ಗದಗದ ಒಂದು ಸಭಾಭವನ ಹಿಡಿದು ಇಬ್ಬರನ್ನೂ ಎದುರುಬದುರು ಕೂರಿಸಿ ಚರ್ಚೆ ಇಟ್ಟ. ನಡುವೆ ಭೀಮೇಶ, ಹನಮಂತವ್ವ. ಅವಳು ಬರಲಾರೆ ಅಂದಿದ್ದಳು. ಹೇಮಪ್ಪ ಮತ್ತೆ ಖೋಲಿಯ ಮಾತೆತ್ತಿದ್ದ. ಆದರೂ ಅವಳೊಳಗೆ ಒಂದು ಆಸೆ ಇತ್ತು. ಇಷ್ಟು ಮಂದಿಯ ಎದುರು ಡಾಕ್ಟರಮ್ಮ ಹೇಳಿದ ಮಾತೊಂದನ್ನು ಹೇಳಿಬಿಟ್ಟರೆ ಸಾಕು, ಇವನನ್ನು ಇಳಿಸುವ ಧೈರ್ಯ ಯಾರಿಗೂ ಬರಲಿಕ್ಕಿಲ್ಲ.

"ನರಮೇಧ!" ಅಂದರು ಮಾಜಿಯವರು.

"ನಾಟಕ!" ಅಂದರು ಹಾಲಿಯವರು. "ರಾಮರಾಜ್ಯ ನಡದೈತಿ, ಇವರಿಗೆ ಹೊಟ್ಟೆಕಿಚ್ಚು!"

"ರಾವಣರಾಜ್ಯ! ಬೀದಿ ಬೀದ್ಯಾಗ ರಕ್ತದ ಹೊಳಿ ಹರದೈತಿ!"

ಸೋಮೇಶ ಮೈಕನ್ನು ಹನಮಂತವ್ವನ ಬಾಯಿಗೆ ಹಿಡಿದ. "ಅಮ್ಮಾ, ನೀವೇ ಹೇಳಿ. ನಿಮ್ಮ ಯಜಮಾನರ ಸ್ಥಿತಿ ಹೇಗಿದೆ?"

"ಮಲಗಾಕ ಬರೂದಿಲ್ರಿ. ಕುಂತ ನಿದ್ದಿ ಮಾಡ್ತಾರ."

"ಅಂದರೆ ಸತ್ತ ಹಾಗೇ, ಅಲ್ಲವೇ?"

"ಇಲ್ರಿ, ಸತ್ತಿಲ್ಲ."

"ಕೇಳಿದ್ರಾ! ಆರಾಮ ಅದಾನಂತ!" ಎಂದು ಹಾಲಿಯವರು ಮೇಜು ಕುಟ್ಟಿದರು.

"ಆರಾಮ ಇಲ್ರಿ" ಅಂದಳು.

"ಕೇಳಿದ್ರಾ! ಸಾಯಾಕ ಬಿದ್ದಾನಂತ!" ಮಾಜಿಯವರು ಎದ್ದು ನಿಂತರು.

"ಹಂಗಲ್ರೀ ಯಪ್ಪಾ. ಡಾಕ್ಟರಮ್ಮ ಹೇಳ್ಯಾರ, ಮತ್ತೊಮ್ಮೆ ಆ ಗಾಳಿ—"

"ಅಮ್ಮಾ, ಚುಟುಕಾಗಿ. ಕೊಲೆಯೋ, ಕಟ್ಟುಕತೆಯೋ? ಒಂದೇ ಮಾತು!"

ಒಂದೇ ಮಾತಿನಲ್ಲಿ ಅವಳ ಗಂಡ ಹಿಡಿಯುತ್ತಿರಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು. ಭೀಮೇಶನ ಅಂಗಿ ಸರಿಸಿ ಬರಿಯ ಎದೆ ತೋರಿಸಿದಳು. "ನನ್ನ ಮಾತ ಬ್ಯಾಡ. ಇಲ್ಲಿ ಕಿವಿ ಇಡ್ರಿ. ಏನ ಕೇಳತೈತೋ ಅಷ್ಟ ಹೇಳ್ರಿ."

ಕ್ಯಾಮೆರಾ ತಿರುಗಿತು. ಮಾಜಿಯವರು ಬಂದು ಬಗ್ಗಿ, ಟೋಪಿ ಸರಿಮಾಡಿಕೊಂಡು, ಭೀಮೇಶನ ಎದೆಯ ಹತ್ತಿರ ಕಿವಿ ತಂದರು. ಕಿವಿ ಚರ್ಮಕ್ಕೆ ತಾಗಿತೋ ಇಲ್ಲವೋ, ತಟ್ಟನೆ ನೆಟ್ಟಗಾಗಿ ಕೈ ಆಕಾಶಕ್ಕೆತ್ತಿದರು. "ಕೇಳ್ದೆ! ಕೋಟಿ ಕೋಟಿ ಬಡವರ ಆಕ್ರಂದನ ಕೇಳ್ದೆ!"

ಹಾಲಿಯವರು ಅವರನ್ನು ಸರಿಸಿ ಎರಡು ಬೆರಳು ಎದೆಗೆ ಮುಟ್ಟಿಸಿದರು. "ಗುಡುಗು! ಆನಿ ನಡದಂಗ ಬಡೀತೈತಿ! ನಾಡಿನ ಪ್ರಗತಿಯ ನಗಾರಿ!"

ಇಬ್ಬರೂ ಮುಟ್ಟಿದ್ದು ಒಂದೇ ಎದೆ. ಅದರೊಳಗೆ ಗೊರಗೊರ ಎನ್ನುತ್ತಿದ್ದದ್ದು ಕಫ. ಭೀಮೇಶ ತಲೆ ತಗ್ಗಿಸಿ, ಬಿಚ್ಚಿದ ಅಂಗಿ ಹಿಡಿದು, ಇಷ್ಟು ಮಂದಿಯ ನಡುವೆ ಬತ್ತಲಾದ ಹೆಂಗಸಿನ ಹಾಗೆ ಕುಗ್ಗಿ ಕೂತಿದ್ದ. ಹನಮಂತವ್ವನಿಗೆ ತನ್ನ ಕೈಯನ್ನೇ ಕಡಿದುಕೊಳ್ಳಬೇಕೆನಿಸಿತು. ಯಾಕೆ ಬಿಚ್ಚಿದೆ, ಯಾರಿಗೆ ತೋರಿಸಿದೆ?

ಜಗಳ ಏರಿತು. ಹಾಲಿಯವರು ಎದೆ ತಟ್ಟಿಕೊಂಡರು. "ನಾಳಿ ಮುಂಜಾನಿ ಇಂವ ಕೆಲಸಕ್ಕ ಹಾಜರ! ಅದ ಜಾಗಾದಾಗ! ಎಲ್ಲಾರೂ ಬಂದ ನೋಡ್ರಿ, ಹುಲಿ ಹಂಗ ಕೆಲಸಾ ಮಾಡ್ತಾನ!"

"ಬರ್ತೇನಿ! ನನ್ನ ತಮ್ಮ ಬಿದ್ರ ಅವನ ಹೆಣಕ್ಕ ನಾನ ಹೆಗಲ ಕೊಡ್ತೇನಿ!"

ಚಪ್ಪಾಳೆಗೆ ಛಾವಣಿ ಹಾರುವಂತಾಯಿತು. ಒಬ್ಬರು ಅವನು ದುಡಿಯುತ್ತಾನೆಂದು ಪಣ ಕಟ್ಟಿದರು, ಇನ್ನೊಬ್ಬರು ಸಾಯುತ್ತಾನೆಂದು ಪಣ ಕಟ್ಟಿದರು. ಅವನು ಇಳಿಯಬಾರದು ಎನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಹಿಂದಿನ ಬಾಗಿಲಲ್ಲಿ ಹೊರಬಂದಾಗ ಹನಮಂತವ್ವ ನೋಡಿದಳು. ಮಾಜಿಯವರ ಡ್ರೈವರ್ ಬಾಟಲಿಯಿಂದ ನೀರು ಸುರಿಯುತ್ತಿದ್ದ, ಮಾಜಿಯವರು ಕಿವಿ ತೊಳೆಯುತ್ತಿದ್ದರು. ಮುಗಿದ ಮೇಲೆ ಬಾಟಲಿಯನ್ನು ಹಾಲಿಯವರತ್ತ ಚಾಚಿದರು. ಹಾಲಿಯವರು ಎರಡು ಬೆರಳು ಒಡ್ಡಿದರು. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು.

ಮನೆಗೆ ಬಂದ ಮೇಲೆ ಭೀಮೇಶ ಹೊಸ ಅಂಗಿ ಕಳಚಿ ಗೂಟಕ್ಕೆ ಹಾಕಿದ. "ಹೋಗತೀನಿ ಬಿಡ" ಅಂದ.

"ಹೋಗಿ?"

"ಹೋಗದ ಏನ ಮಾಡ್ಲಿ? ಖೋಲಿ ಬಿಟ್ಟ ಎಲ್ಲಿ ಹೋಗೂನು?"

"ನಮ್ಮೂರಿಗೆ ಬರ್ರಿ ಯಣ್ಣಾ" ಎಂದಳು ನಾಗರತ್ನಾ. ಮೆಣಸಿನಕಾಯಿ ಸುಟ್ಟ ದಿನದಿಂದ ಅವಳು ಊರಿಗೆ ಹೋಗಿರಲಿಲ್ಲ, ಅಣ್ಣನ ಬೆನ್ನು ನೀವುತ್ತ ಉಳಿದಿದ್ದಳು.

"ನಿನ್ನ ಗಂಡ ಟೆಂಪೋ ಊಟಕ್ಕ ಹೋಗ್ತಾನ. ನಮಗೇನ ಹಾಕ್ತೀ?" ಎಂದು ಅಣ್ಣ ನಕ್ಕ. ನಕ್ಕದ್ದೇ ಕೆಮ್ಮಾಯಿತು.

ಬೆಳಗ್ಗೆ ಕಾರ್ಯಾಲಯದ ಹಿಂದೆ ಜಾತ್ರೆಯಂಥ ಮಂದಿ. ಮುಂದೆ ಮದುವೆ, ಹಿಂದೆ ಇದು. ಹೇಮಪ್ಪ ಹೊಸ ಬೂಟು, ಕೈಗವಸು, ಹಳದಿ ಟೊಪ್ಪಿಗೆ ತಂದಿದ್ದ. ಇಷ್ಟು ವರ್ಷ ದುಡಿದಾಗ ಕಾಣದ ಬೂಟು. ಭೀಮೇಶನ ಕಾಲು ಅದರೊಳಗೆ ಲೊಡಲೊಡ ಅನ್ನುತ್ತಿತ್ತು. ದಾದಾಪೀರ ಗಾಡಿ ಚಾಲೂ ಮಾಡಿ, ಕಬ್ಬಿಣದ ಮುಚ್ಚಳ ಸರಿಸಿ, ಪೈಪು ಬಿಟ್ಟ. ಭೀಮೇಶ ಪೈಪಿನ ಮೇಲೆ ಕೈಯಿಟ್ಟು ನಿಂತ. ಫೋಟೋ ತೆಗೆದರು. ಹಾಲಿಯವರು ಮೀಸೆ ತಿರುವಿದರು. "ನೋಡ್ರಿ, ಹುಲಿ!"

ಆಗ ಪೈಪು ಗಳಗಳ ಅಂದು ನಿಂತಿತು. ಬಾಯಿ ಕಟ್ಟಿತ್ತು. ನಾತ ಮದುವೆಯ ಮಂದಿಗೆ ಹೊಡೆಯಬಾರದೆಂದು ದಾದಾಪೀರ ಪೈಪು ಎಳೆದುಕೊಂಡು ಮುಚ್ಚಳ ಮುಚ್ಚಿದ. ಒಳಗಿನಿಂದ ಹಾಲಿಯವರ ಅಳಿಯ ಓಡಿಬಂದು, ಪಾಯಖಾನೆಯೆಲ್ಲ ಉಕ್ಕಿ ಬಂದಿವೆ, ಬೀಗರು ಬೈಯುತ್ತಿದ್ದಾರೆ ಎಂದು ಹೇಮಪ್ಪನ ಮೇಲೆ ಹರಿಹಾಯ್ದ.

ಹೇಮಪ್ಪ ಭೀಮೇಶನ ಕಿವಿಯ ಹತ್ತಿರ ಬಂದ. "ಕ್ಯಾಮೆರಾದವ್ರನ್ನ ನಾಷ್ಟಾಕ್ಕ ಕರ್ಕೊಂಡ ಹೋಗ್ತೀನಿ. ಐದ ಮಿನಿಟಿನ ಕೆಲಸ. ಜಲ್ದಿ ಮುಗಸ."

ಭೀಮೇಶ ಬಗ್ಗಿ ಬೂಟು ಕಳಚತೊಡಗಿದ. ಬೂಟು ಹಾಕಿಕೊಂಡು ಯಾರೂ ಗುಂಡಿಗೆ ಇಳಿಯುವುದಿಲ್ಲ, ಒಳಗೆ ತುಂಬಿಕೊಂಡು ಕಾಲು ಎತ್ತಲಾಗುವುದಿಲ್ಲ. ಬೂಟು ಕಳಚಿದ್ದನ್ನು ನೋಡಿ ಹನಮಂತವ್ವನಿಗೆ ತಿಳಿಯಿತು. ಅವನ ಕೈ ಅಂಗಿಯ ಗುಂಡಿಗೆ ಹೋಯಿತು. ಅವಳು ಕೈಯಲ್ಲಿದ್ದ ಬಕೆಟ್ ಬಿಸಾಡಿ, ಹೋಗಿ, ಮುಚ್ಚಳದ ಮೇಲೆ ಕೂತಳು. ಕಾಲು ಚಕ್ಕಳಮಕ್ಕಳ ಹಾಕಿ, ಸೀರೆಯನ್ನು ತೊಡೆಯ ಕೆಳಗೆ ಒತ್ತಿ, ಊಟಕ್ಕೆ ಕೂತ ಹಾಗೆ ಕೂತಳು.

"ಏ ಹನಮವ್ವಾ, ಏಳ" ಅಂದ ಹೇಮಪ್ಪ.

"ಏಳಂಗಿಲ್ಲ."

"ಕೆಲಸಾ ಐತಿ."

"ಇಂವ ಇಳಿಯಂಗಿಲ್ಲ."

"ಯಾರ ಇಳೀ ಅಂದ್ರು?" ಹೇಮಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ಖೋಲಿ ನೆನಪೈತಿಲ್ಲ?"

ಅವಳು ಸೊಂಟದಿಂದ ಕೀಲಿಕೈ ತೆಗೆದು ಅವನ ಕಾಲ ಬಳಿ ಎಸೆದಳು. "ತಗೋ. ನಿನ್ನ ಖೋಲ್ಯಾಗ ನೀನ ಮಲಕೋ. ನಿನ್ನ ಗುಂಡ್ಯಾಗ ನೀನ ಇಳಿ."

ಮಂದಿ ತಿರುಗಿತು. ನಾಷ್ಟಾಕ್ಕೆ ಹೊರಟ ಕ್ಯಾಮೆರಾ ಮರಳಿತು. ಹಾಲಿಯವರ ಮುಖ ಕೆಂಪಾಯಿತು. "ಇದು ಪಿತೂರಿ! ದೇಶದ್ರೋಹ! ಅಭಿವೃದ್ಧಿಯ ಕುತ್ತಿಗಿ ಹಿಚುಕೂ ಕೆಲಸ!" ಒಬ್ಬ ಹೆಂಗಸು ಪಾಯಖಾನೆಯ ಮುಚ್ಚಳದ ಮೇಲೆ ಕೂತರೆ ದೇಶಕ್ಕೆ ಏನಾಗುತ್ತದೆಯೋ ಅವರಿಗೇ ಗೊತ್ತು.

ಮಾಜಿಯವರು ಹಿಗ್ಗಿಹೋದರು. "ವೀರವನಿತೆ! ರಣಚಂಡಿ! ನನ್ನ ತಂಗಿ ಇವತ್ತ ಸಿಂಹಾಸನಾನ ಅಲ್ಲಾಡಿಸ್ಯಾಳ!"

"ಯಪ್ಪಾ" ಅಂದಳು ಹನಮಂತವ್ವ, "ಮುಚ್ಚಳ ದೊಡ್ಡದೈತಿ. ನೀವೂ ಬಂದ ಬಾಜೂಕ ಕುಂಡ್ರಿ."

ಮಾಜಿಯವರು ತಮ್ಮ ಬಿಳಿ ಧೋತರ ನೋಡಿಕೊಂಡರು. ಮುಚ್ಚಳದ ಅಂಚಿನಲ್ಲಿ ಹಸಿ ಹೇಲು ಒಸರುತ್ತಿತ್ತು. ಅವರು ಕ್ಯಾಮೆರಾದ ಕಡೆ ತಿರುಗಿ ಮಾತು ಮುಂದುವರಿಸಿದರು.

ಭೀಮೇಶ ಬಂದು ಅವಳ ರಟ್ಟೆ ಹಿಡಿದ. ಬರಿಗಾಲಲ್ಲಿದ್ದ. "ಏಳ, ಹುಚ್ಚೀ. ಇರಾಕ ಜಾಗಾ ಇಲ್ಲದಂಗ ಆಕ್ಕೈತಿ. ಪೊಲೀಸರನ್ನ ಕರೀತಾರ. ಇದೊಂದ ಸರ್ತಿ ಇಳೀತೀನಿ."

"ನೀ ಇಳಿದು ಮ್ಯಾಲ ಬಂದ್ರ ಹಾಲಿಯಂವ ಗೆಲ್ತಾನ. ಬರಲಿಲ್ಲಂದ್ರ ಮಾಜಿಯಂವ ಗೆಲ್ತಾನ. ನಾ? ನಾ ಯಾರ ಕೂಡ ಬಾಳೇವು ಮಾಡ್ಲಿ?"

ಅವನ ಹಿಡಿತ ಸಡಿಲಾಯಿತು. ಅಲ್ಲೇ ಅವಳ ಪಕ್ಕದ ನೆಲಕ್ಕೆ ಕುಸಿದು ಕೂತ. ದಾದಾಪೀರ ಗಾಡಿ ಬಂದ್ ಮಾಡಿ ಇಳಿದು ನಿಂತ. ಹೇಮಪ್ಪ ಫೋನು ಕಿವಿಗಿಟ್ಟುಕೊಂಡು ಯಾರನ್ನೋ ಕರೆಯುತ್ತಿದ್ದ. ಇನ್ನಿಬ್ಬರು ಆಳುಗಳು ಸಲಿಕೆ ಹಿಡಿದು, ಅವಳು ಎದ್ದ ಕೂಡಲೇ ಮುಚ್ಚಳ ಎತ್ತಲು ಕಾದಿದ್ದರು. ಬಿಸಿಲೇರಿತು. ಕಬ್ಬಿಣ ಕಾಯತೊಡಗಿತು. ತೊಡೆ ಸುಡುತ್ತಿತ್ತು. ನೀರಡಿಕೆ, ಅದರ ಮೇಲೆ ಬೆಳಗಿನಿಂದ ತಡೆದ ಮೂತ್ರ. ಏಳುವಂತಿಲ್ಲ. ಇಳಿಯಬಾರದೆಂದು ಹೇಳಿದ್ದಕ್ಕೆ ಅವಳಿಗೆ ಸಿಕ್ಕಿದ್ದು ಈ ಒಂದು ಮುಚ್ಚಳದಷ್ಟು ಜಾಗ.

ಸೋಮೇಶ ಮೂಗಿಗೆ ಕರವಸ್ತ್ರ ಹಿಡಿದು ಹತ್ತಿರ ಬಂದು ಮೈಕು ಚಾಚಿದ. "ಅಮ್ಮಾ, ಇದನ್ನು ಕ್ರಾಂತಿಯ ಕಹಳೆ ಅನ್ನಬಹುದೇ? ಇತಿಹಾಸ ನಿರ್ಮಾಣ ಆಗ್ತಿದೆ ಅನ್ನಬಹುದೇ?"

"ಏನೂ ಅನಬ್ಯಾಡ" ಎಂದಳು ಹನಮಂತವ್ವ. "ಎದ್ರ ಇವನ್ನ ಇಳಸ್ತಾರ. ಅದಕ್ಕ ಕುಂತೀನಿ."